ಬೀಡಿಗೂ ಉಕ್ಕಿಗೂ ಮಾಡಿದ ಬಾಣಂತನ

ಬೆಸುಗೆ ಮುಗಿದ ಮೇಲೆ ಅದಕ್ಕೆ ಮತ್ತೆ ಬೆಂಕಿ ಕೊಡಬೇಕೆ, ಬೇಡವೆ? ವೆಲ್ಡಿಂಗ್ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಈ ಪ್ರಶ್ನೆಗೆ ಒಂದು ಮಾತಿನ ಉತ್ತರ ಕೇಳುತ್ತಾರೆ. ಬೆಸೆದದ್ದು ಯಾವುದನ್ನು ಯಾವುದಕ್ಕೆ ಎಂದು ನಾನು ತಿರುಗಿ ಕೇಳಿದರೆ, ಮುದುಕ ಜಾರಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಅವರ ವಯಸ್ಸಿನಲ್ಲಿ ನಾನೂ ಆ ಒಂದು ಮಾತನ್ನೇ ಹುಡುಕುತ್ತಿದ್ದೆ. ಅದು ಸಿಗಲಿಲ್ಲ. ಅದರ ಬದಲು ಆತಗೂರಿನ ಒಂದು ಕಬ್ಬಿನ ಗಾಣ ಸಿಕ್ಕಿತು.

ಬರೆಯುವ ಮುನ್ನ ಒಂದು ಎಚ್ಚರಿಕೆ. ಆ ಕಾಲದಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ಈಗ ತೆಗೆದು ನೋಡಿದರೆ ಅದರಲ್ಲಿ ಕಾದ ಕಬ್ಬಿಣದ ಬಣ್ಣವಿದೆ, ಗಾಳಿ ಯಾವ ಕಡೆಯಿಂದ ಬೀಸಿತೆಂಬುದಿದೆ. ಜನರ ಮಾತು ಒಂದೂ ಇಲ್ಲ. ಅಂದು ಕಬ್ಬಿಣವೇ ಮುಖ್ಯ ಎಂದುಕೊಂಡಿದ್ದೆ. ಆದ್ದರಿಂದ ಇಲ್ಲಿ ಬರುವ ಮಾತುಗಳೆಲ್ಲ ನೆನಪಿನಿಂದ ಬಂದವು. ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಯಾವ ಮಾತು ಅವರದು, ಯಾವುದು ನಾನು ಹೇಳುತ್ತ ಹೇಳುತ್ತ ನಯಗೊಳಿಸಿದ್ದು ಎಂದು ಬೇರ್ಪಡಿಸಲಾರೆ. ಕಬ್ಬಿಣದ ಬಗ್ಗೆ ಹೇಳುವುದನ್ನು ನಂಬಬಹುದು. ಉಳಿದದ್ದನ್ನು ಸ್ವಲ್ಪ ತಡೆದು ನಂಬಿ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಊರಾದ ಮಳವಳ್ಳಿಗೆ ಹತ್ತಿರವಾಯಿತೆಂದು ಮದ್ದೂರಿನ ಒಂದು ಖಾಸಗಿ ವರ್ಕ್‌ಷಾಪಿಗೆ ಸೇರಿದೆ. ಯುದ್ಧದ ಕಾಲ. ಸೀಮೆಯಿಂದ ಹಡಗಿನಲ್ಲಿ ಬಿಡಿಭಾಗ ಬರುವುದು ನಿಂತಿತ್ತು. ಅಕ್ಕಿ ಗಿರಣಿಯ ಇಂಜಿನ್ನು, ತೋಟದ ಪಂಪು, ಕಬ್ಬಿನ ಗಾಣ, ಯಾವುದು ಮುರಿದರೂ ಹೊಸದಿಲ್ಲ, ಬೆಸೆದುಕೊಳ್ಳಬೇಕು. ಬ್ಲಫ್ ಎಂಬ ಜಲವಿದ್ಯುತ್ ಕೇಂದ್ರದಿಂದ ಬರುವ ಕರೆಂಟು ನಮಗಿತ್ತು. ನಮ್ಮ ವೆಲ್ಡಿಂಗ್ ಯಂತ್ರ ಕಿಡಿ ಹಾರಿಸಿದಾಗಲೆಲ್ಲ ಎದುರಿನ ಕಾಫಿ ಹೋಟೆಲಿನ ದೀಪ ಕುಗ್ಗುತ್ತಿತ್ತು. ಹೋಟೆಲಿನವರು ಬಾಗಿಲಿಗೆ ಬಂದು ನಿಂತು ನಮ್ಮನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಬೈಯುತ್ತಿರಲಿಲ್ಲ. ಅವರ ಹಿಟ್ಟು ರುಬ್ಬುವ ಯಂತ್ರವನ್ನೂ ನಾವೇ ಬೆಸೆದಿದ್ದೆವು.

ವರ್ಕ್‌ಷಾಪಿನ ಮುಖ್ಯಸ್ಥರು ಸುಬ್ಬರಾಯರು. ಮುಚ್ಚುಕೋಟು, ನಶ್ಯದ ಡಬ್ಬಿ, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಒಂದು ಛತ್ರಿ. ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ನಾನು ಸೇರಿದ ದಿನವೇ ಹೇಳಿದ್ದರು: "ನೋಡಯ್ಯ, ಇಲ್ಲಿ ಬೆಸೆದ ಮೇಲೆ ಬೆಂಕಿಗೆ ಹಾಕೋ ಪದ್ಧತಿ ಇಲ್ಲ. ಪುಸ್ತಕ ತೋರಿಸೋಕೆ ಬರಬೇಡ." ಯಾಕೆಂದು ನಾನು ಕೇಳಲಿಲ್ಲ. ಹೊಸಬ.

ವೆಲ್ಡರ್ ಕರೀಗೌಡ ಹಲಗೂರಿನ ಕಡೆಯವನು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ರಾಯರ ಮುಂದೆ ಬಾಯಿ ಮುಚ್ಚಿಕೊಂಡಿದ್ದು, ಅವರು ಅತ್ತ ಹೋದ ಮೇಲೆ ಅವರ ಹಾಗೆಯೇ ನಶ್ಯ ಏರಿಸುವ ನಟನೆ ಮಾಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಆತಗೂರಿನಿಂದ ಎತ್ತಿನ ಗಾಡಿಯೊಂದು ಬಂತು. ಗಾಡಿಯಲ್ಲಿ ಹುಲ್ಲಿನ ಮೇಲೆ ಗಾಣದ ಒಂದು ಪಕ್ಕದ ಚೌಕಟ್ಟು ಮಲಗಿತ್ತು. ಉರುಳೆಗಳನ್ನು ಎರಡು ಕಡೆಯಿಂದ ಹಿಡಿದು ನಿಲ್ಲಿಸುವ, ಬೀಡು ಕಬ್ಬಿಣದಲ್ಲಿ ಎರಕ ಹೊಯ್ದ ದಪ್ಪ ಚೌಕಟ್ಟು. ಉರುಳೆಯ ದಂಡ ಕೂರುವ ಕಡೆ ಚಾಚಿಕೊಂಡಿರುವ ಭಾಗಕ್ಕೆ ನಾವು ಕಿವಿ ಎನ್ನುತ್ತಿದ್ದೆವು. ಆ ಕಿವಿ ಮುರಿದು ಚೂರುಚೂರಾಗಿತ್ತು.

ಗಾಡಿಯ ಹಿಂದೆ ನಡೆದು ಬಂದವರು ದೇವೀರಮ್ಮ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆತಗೂರಿನ ಏಳೆಂಟು ಮನೆಯವರು ಪಾಲು ಹಾಕಿ ಆ ಗಾಣ ತಂದಿದ್ದರು. ಸರದಿಯ ಮೇಲೆ ಕಬ್ಬು ಅರೆದು ಆಲೆಮನೆಯಲ್ಲಿ ಬೆಲ್ಲ ಮಾಡುತ್ತಿದ್ದರು. ಯಾರ ಸರದಿಯಲ್ಲಿ ಗಾಣ ಮುರಿಯುತ್ತದೋ ಅವರೇ ಸರಿಮಾಡಿಸಬೇಕು, ಆಗದಿದ್ದರೆ ಪಾಲು ಬಿಡಬೇಕು ಎಂಬುದು ಅವರೊಳಗಿನ ಕಟ್ಟು. ಮುರಿದದ್ದು ದೇವೀರಮ್ಮನ ಸರದಿಯಲ್ಲಿ. ಆ ಪಾಲು ತನಗೆ ಬರಬೇಕೆಂದು ಅವರ ಮೈದುನ, ಇನ್ನೊಬ್ಬ ಪಾಲುದಾರ ಪುಟ್ಟೇಗೌಡ, ಅಣ್ಣ ಸತ್ತಂದಿನಿಂದ ಹೇಳುತ್ತಲೇ ಇದ್ದ.

"ಸಂತೆ ದಿನ್ದೊಳಗೆ ಗಾಣ ತಿರುಗ್ಬೇಕಂತೆ," ಎಂದರು ದೇವೀರಮ್ಮ. "ಇಲ್ದಿದ್ರೆ ಎಲ್ರೂ ಪಕ್ಕದೂರಿನ ಆಲೆಮನೆಗೆ ಕಬ್ಬಿನ ಗಾಡಿ ಒಡೀತಾರೆ. ನನ್ನ ಪಾಲು ಪುಟ್ಟೇಗೌಡುಂಗೆ. ಎಣ್ಣೆಂಗ್ಸು ಒಲೆ ಮುಂದೆ ಕೂತ್ಕಂಡ್ರೆ ಸಾಕು, ಆಲೆ ಯಾಕೆ ಅಂತಾನೆ. ಆಲೆಮನೇಲೂ ಇರೋದು ಒಲೇನೇ ಅಲ್ವಾ ಸಾಮಿ?"

ಕರೀಗೌಡ ನಕ್ಕ. ರಾಯರು ನಗಲಿಲ್ಲ, ಆದರೆ ಛತ್ರಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು. ಅವರಿಗೆ ಏನೋ ಹಿಡಿಸಿತೆಂದರೆ ಹಾಗೆ ಮಾಡುತ್ತಿದ್ದರು.

ಹೊಸ ಎರಕಕ್ಕೆ ಬೀಡು ಸಿಗುವಂತಿರಲಿಲ್ಲ. ಉಕ್ಕಿನ ದಪ್ಪ ತಗಡಿನಲ್ಲಿ ಹೊಸ ಕಿವಿ ಕತ್ತರಿಸಿ, ಬೀಡಿನ ಚೌಕಟ್ಟಿಗೆ ಬೆಸೆಯುವುದೆಂದು ತೀರ್ಮಾನವಾಯಿತು. ಕರೀಗೌಡ ಕರೆಂಟಿನಲ್ಲಿ ಬೆಸೆದ. ನೋಡಲು ಬಹಳ ಚೆನ್ನಾಗಿತ್ತು. ರಾಯರ ಪದ್ಧತಿಯಂತೆ ಬೆಂಕಿಯಿಲ್ಲ. ಅಂಗಳದಲ್ಲಿ ಹಾಗೆಯೇ ಆರಲು ಬಿಟ್ಟೆವು. ಹೋಟೆಲಿಗೆ ಹೋಗಿ ಕಾಫಿ ಕುಡಿಯುತ್ತ ಕೂತಿದ್ದಾಗ ಟಣ್ ಎಂಬ ಸದ್ದು ಕೇಳಿಸಿತು. ಯಾರೋ ಗಂಟೆಗೆ ಕಲ್ಲು ಹೊಡೆದಂತೆ. ಕರೀಗೌಡ ಲೋಟ ಕೆಳಗಿಟ್ಟು, "ಓಯ್ತು ಕಣ್ರಪ್ಪ," ಎಂದ.

ಬೆಸುಗೆ ಗಟ್ಟಿಯಾಗಿಯೇ ಇತ್ತು. ಅದರ ಅಂಚಿನಲ್ಲಿ, ಬೀಡಿನ ಕಡೆಗೆ, ಕೂದಲೆಳೆಯಷ್ಟು ಬಿರುಕು ಉದ್ದಕ್ಕೂ ಓಡಿತ್ತು. ದೇವೀರಮ್ಮ ಅದರ ಮೇಲೆ ಬೆರಳಾಡಿಸಿದರು. ಗಾಡಿಯ ನೆರಳಿನಲ್ಲಿ ಹೋಗಿ ಕೂತರು.

ನಾನು ಕಬ್ಬಿಣ ಉಜ್ಜುವ ಒಂದು ಅರ ತೆಗೆದುಕೊಂಡು ಉಜ್ಜಿ ನೋಡಿದೆ. ಉಕ್ಕಿನ ಮೇಲೆ ಅರ ಕಚ್ಚಿತು. ಬೀಡಿನ ಮೇಲೂ ಕಚ್ಚಿತು. ಎರಡರ ನಡುವಿನ ಗಡಿಯಲ್ಲಿ ಮಾತ್ರ ಗಾಜಿನ ಮೇಲೆ ಜಾರಿದಂತೆ ಜಾರಿತು. ಬೀಡಿನಲ್ಲಿ ಇಂಗಾಲ ಹೆಚ್ಚು. ಅದು ಕರಗಿ, ಸುತ್ತಲಿನ ತಣ್ಣನೆಯ ಲೋಹ ಒಮ್ಮೆಲೇ ಶಾಖ ಹೀರಿದರೆ, ಗಡಿಯಲ್ಲಿ ಗಾಜಿನಂಥ ಪದರ ಹುಟ್ಟುತ್ತದೆ. ಗಡಸು, ಆದರೆ ಬಾಗುವ ಗುಣ ಇಲ್ಲ. ಅದನ್ನು ಮತ್ತೆ ಕೆಂಪಗೆ ಕಾಯಿಸಿ, ಬಹಳ ನಿಧಾನವಾಗಿ ಆರಿಸಿದರೆ ಆ ಗಡಸು ಇಳಿಯುತ್ತದೆ. ಇದು ಓದಿನಿಂದ ನನಗೆ ಗೊತ್ತಿತ್ತು. ರಾಯರಿಗೆ ಹೇಗೆ ಹೇಳುವುದೆಂಬುದು ಗೊತ್ತಿರಲಿಲ್ಲ. ಅರವನ್ನು ಅವರ ಕೈಗೆ ಕೊಟ್ಟೆ.

ಅವರು ಉಜ್ಜಿದರು. ಜಾರಿತು. ಇನ್ನೊಂದು ಕಡೆ ಉಜ್ಜಿದರು. ಅಲ್ಲೂ ಜಾರಿತು. ನಶ್ಯ ಏರಿಸಿಕೊಂಡು ಬೆಂಚಿನ ಮೇಲೆ ಕೂತರು.

"ಮಂಡ್ಯದಿಂದ ಒಂದು ಪಂಪಿನ ದಂಡ ಬಂದಿತ್ತಯ್ಯ," ಎಂದರು. "ನೀನು ಸೇರೋಕೆ ಮುಂಚೆ. ಸವೆದ ಉಕ್ಕಿನ ದಂಡದ ಮೇಲೆ ತುಕ್ಕು ಹಿಡಿಯದ ಉಕ್ಕು ತುಂಬಿಸಿದ್ವಿ. ಎಷ್ಟು ಕಷ್ಟಪಟ್ಟು ಸಂಪಾದಿಸಿದ ಬೆಸುಗೆ ಕಡ್ಡಿಗಳು. ನಾನೇ ನಿಂತು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ಆರಿಸ್ದೆ. ಮಗುವನ್ನ ಮಲಗಿಸಿದ ಹಾಗೆ. ಒಂದು ಮಳೆಗಾಲ ಕಳೆಯೋದ್ರೊಳಗೆ ಗಡಿಯಲ್ಲಿ ತುಕ್ಕು ತಿಂದು, ಸೀಳಿ, ದಂಡ ಮುರೀತು. ಬೆಂಕಿ ಕೊಡದೆ ಬಿಟ್ಟ ಅದರ ಜೊತೆಯ ದಂಡ ಇವತ್ತಿಗೂ ತಿರುಗ್ತಾ ಇದೆ."

ಅಂದರೆ ಬೆಂಕಿ ಬೇಡ ಎಂಬುದು ಅವರ ಹಟವಾಗಿರಲಿಲ್ಲ. ಸುಟ್ಟುಕೊಂಡ ಕೈ ಅದು.

ಆ ದಂಡಕ್ಕೆ ಏನಾಗಿತ್ತೆಂದು ಇಂದು ಸುಲಭವಾಗಿ ಹೇಳಬಲ್ಲೆ. ಅಂದೇ ಪೂರ್ತಿ ಗೊತ್ತಿತ್ತೆಂದು ಬರೆದರೆ ಸುಳ್ಳಾಗುತ್ತದೆ. ತುಕ್ಕು ಹಿಡಿಯದ ಉಕ್ಕು ಬಿಸಿಯಲ್ಲಿ ಸಾದಾ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಕೆಂಪಗೆ ಕಾದಾಗ ಎರಡೂ ಮೆತ್ತಗಾಗಿ ರಾಜಿಯಾಗುತ್ತವೆ. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಜಗಳ ಮತ್ತೆ ಶುರು. ಬೆಂಕಿ ತೆಗೆದ ಬಿಗುವನ್ನು ತಂಪು ತಿರುಗಿ ತರುತ್ತದೆ. ಅದೂ ಸಾಲದೆಂಬಂತೆ ಆ ಶಾಖದಲ್ಲಿ ಸಾದಾ ಉಕ್ಕಿನ ಇಂಗಾಲ ಗಡಿ ದಾಟಿ ಆಚೆ ಹೋಗುತ್ತದೆ. ಈಚೆ ಸೊರಗಿದ ಮೆತ್ತನೆಯ ಪಟ್ಟಿ, ಆಚೆ ಗಡಸು ಪಟ್ಟಿ. ತುಕ್ಕು ತಡೆಯುವ ಗುಣವೂ ಅಲ್ಲಿ ಕುಂದುತ್ತದೆ. ಬೀಡಿನ ಗಡಿಗೆ ಔಷಧಿಯಾದ ಬೆಂಕಿ ಆ ಗಡಿಗೆ ವಿಷ.

ಅಂದು ನಾನು ಹೇಳಿದ್ದು ಇಷ್ಟೇ ಇರಬೇಕು: "ಅದು ಬೇರೆ ಜೋಡಿ ಸಾರ್, ಇದು ಬೇರೆ."

ರಾಯರು ದೇವೀರಮ್ಮ ಕೂತಿದ್ದ ಕಡೆ ನೋಡಿದರು. "ಬೆಂಕಿ ಕೊಡು. ಆದರೆ ಎಲ್ಲಿ ಕೊಡ್ತೀಯ? ಇಷ್ಟು ದೊಡ್ಡದು ಹಿಡಿಯೋ ಒಲೆ ನಮ್ಮಲ್ಲಿ ಎಲ್ಲಿದೆ?"

ಮಾತು ಗಾಡಿಯ ನೆರಳಿಗೆ ಕೇಳಿಸಿತ್ತು. "ಆಗ್ಲೇ ಏಳ್ಲಿಲ್ವಾ ಸಾಮಿ," ಎಂದರು ದೇವೀರಮ್ಮ, "ಆಲೆಮನೇಲೂ ಒಲೆ ಅದೆ."

ಆತಗೂರಿಗೆ ಕರೆಂಟು ಇರಲಿಲ್ಲ, ಗ್ಯಾಸಿನಲ್ಲೇ ಬೆಸೆಯಬೇಕಿತ್ತು. ಗ್ಯಾಸಿನ ಸಿಲಿಂಡರು, ಉರಿಯುವ ಗ್ಯಾಸು ಹುಟ್ಟಿಸುವ ಕಾರ್ಬೈಡಿನ ಡಬ್ಬ, ಬೀಡಿನ ಕಡ್ಡಿಗಳನ್ನು ಅದೇ ಗಾಡಿಯಲ್ಲಿ ಏರಿಸಿಕೊಂಡು ಹೊರಟೆವು. ರಾಯರು ಬರಲಿಲ್ಲ. ದಾರಿಯುದ್ದಕ್ಕೂ ಕರೀಗೌಡ ಗಾಡಿಯ ಹಿಂದೆ ನಡೆಯುತ್ತ ದೇವೀರಮ್ಮನ ಜೊತೆ ಹರಟುತ್ತಿದ್ದ.

"ಅಲ್ಲ ಕಣಮ್ಮ, ಈ ಗಾಣ ಮುರಿಯೋವಾಗ ನಿನ್ ಸರದಿನೇ ಬೇಕಾಗಿತ್ತಾ ಅದಕ್ಕೆ?"

"ನನ್ ಯಜಮಾನ್ರೂ ಅಂಗೇ ಇದ್ರು. ಯಾರ ಮ್ಯಾಲೆ ಕ್ವಾಪ ಇದ್ರೂ ನನ್ ಮುಂದೇನೇ ತೋರ್ಸೋರು."

ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ಇಳಿಸಿ, ಒಲೆಯ ಗುಂಡಿಯ ಮೇಲೆ ಕಬ್ಬಿಣದ ಸಲಾಕೆ ಹಾಸಿ, ಚೌಕಟ್ಟನ್ನು ಅದರ ಮೇಲೆ ಮಲಗಿಸಿದೆವು. ಹಳೆಯ ಬೆಸುಗೆಯನ್ನೂ ಅದರ ಅಂಚಿನ ಗಡಸನ್ನೂ ಮೊದಲೇ ಉಳಿಯಿಂದ ಕೆತ್ತಿ, ಸಾಣೆ ಹಿಡಿದು ತೆಗೆದಿದ್ದೆವು. ಕಬ್ಬಿನ ಒಣ ಸಿಪ್ಪೆಯ ಉರಿ ಭುಗ್ಗೆಂದು ಏರುತ್ತದೆ. ಬೀಡಿಗೆ ಅದು ಆಗದು. ಒಂದು ಮಗ್ಗುಲು ಬೇಗ ಕಾದು ಇನ್ನೊಂದು ತಣ್ಣಗಿದ್ದರೆ ಬೆಸೆಯುವ ಮೊದಲೇ ಸೀಳುತ್ತದೆ. ಉರಿ ಸಣ್ಣಗಿರಬೇಕು, ಎಲ್ಲ ಕಡೆ ಸಮವಾಗಿರಬೇಕು ಎಂದೆ. "ಪಾಕಕ್ಕೆ ಉರಿ ಇಳ್ಸೋದು ನಮ್ಗೂ ಗೊತ್ತದೆ," ಎಂದು ದೇವೀರಮ್ಮ ಒಲೆಯ ಬಾಯಿಗೆ ಕೂತರು. ಆದರೆ ಪಾಕಕ್ಕಿಂತ ಇದು ಎಷ್ಟೋ ಹೆಚ್ಚಿನ ಶಾಖ. ಒಂದೆರಡು ಸಲ ಅವರ ಅಂದಾಜು ತಪ್ಪಿತು, ಒಂದೆರಡು ಸಲ ನನ್ನದು. ಇಬ್ಬರೂ ಬೈದುಕೊಂಡು ಸರಿಮಾಡಿಕೊಂಡೆವು. ಶಾಖ ಅಳೆಯುವ ಉಪಕರಣ ಆಗ ನಮ್ಮಲ್ಲಿರಲಿಲ್ಲ. ಗೋಣಿಯ ಪರದೆ ಕಟ್ಟಿ ಮಬ್ಬು ಮಾಡಿಕೊಂಡು, ಬೀಡಿನ ಬಣ್ಣ ನೋಡುತ್ತ ಕೂತೆ. ಒಣಗಿದ ರಕ್ತದ ಬಣ್ಣ ಬಂದಾಗ ಕರೀಗೌಡನನ್ನು ಕರೆದೆ.

ಅವನು ಒದ್ದೆ ಗೋಣಿ ಹೊದ್ದುಕೊಂಡು, ಆ ಧಗೆಯ ಮೇಲೆ ಬಗ್ಗಿ ಬೆಸೆದ. ಗೋಣಿಯಿಂದ ಹೊಗೆ ಏಳುತ್ತಿತ್ತು. "ನನ್ನೇ ಬೆಲ್ಲ ಮಾಡ್ಬುಡ್ತೀರಿ ನೀವು," ಎಂದು ಒಮ್ಮೆ ಗೊಣಗಿದ. ಮುಗಿದ ಮೇಲೆ ಮತ್ತೆ ಉರಿ ಏರಿಸಿ, ಇಡೀ ಚೌಕಟ್ಟು ಒಂದೇ ಕೆಂಪಿಗೆ ಬಂದ ಮೇಲೆ ಹಾಗೆಯೇ ಹಿಡಿದು, ಆಮೇಲೆ ಒಲೆಯ ಬಾಯಿ ಮುಚ್ಚಿದೆವು. ಮೇಲೆ ಹೆಂಚು, ಹೆಂಚಿನ ಮೇಲೆ ಬೂದಿ, ಬೂದಿಯ ಮೇಲೆ ಗೋಣಿ. ತಾನಾಗಿ ಆರಬೇಕು. ಯಾರೂ ಮುಟ್ಟಕೂಡದು. ಈ ಕೆಲಸದಲ್ಲಿ ಕೈಕಟ್ಟಿ ಕೂರುವುದೇ ಕಷ್ಟ ಎಂದು ಹುಡುಗರಿಗೆ ಈಗಲೂ ಹೇಳುತ್ತೇನೆ.

ಸಂತೆಯ ದಿನ ಬೆಳಿಗ್ಗೆ ಬೂದಿ ಸರಿಸಿ ನೋಡಿದೆವು. ಕಿವಿಯ ಭಾಗ ಕೈಗೆ ಉಗುರುಬೆಚ್ಚಗಿತ್ತು. ಕೆಳಗಿನ ದಪ್ಪ ಪಾದ ಇನ್ನೂ ಚುರ್ ಎನ್ನುತ್ತಿತ್ತು. ನಾಳೆಯವರೆಗೆ ಬಿಡಬೇಕು ಎಂದೆ. ಆ ಹೊತ್ತಿಗೆ ಪಾಲುದಾರರೆಲ್ಲ ಬಂದು ಆಲೆಮನೆಯ ಮುಂದೆ ನಿಂತಿದ್ದರು. ಮುಂದೆ ಪುಟ್ಟೇಗೌಡ, ಕೈಯಲ್ಲಿ ಅರಿಶಿನದ ನೀರು ತುಂಬಿದ ಹಿತ್ತಾಳೆ ಚೊಂಬು.

ಕುಲುಮೆಯಿಂದ ಬಂದ ನೇಗಿಲ ಗುಳವಾಗಲಿ ಕುಡುಗೋಲಾಗಲಿ, ಬೆಂಕಿ ಕಂಡ ಕಬ್ಬಿಣ ನೀರು ಕಾಣದೆ ಕೆಲಸಕ್ಕೆ ಇಳಿಯಬಾರದು ಎಂಬುದು ಆ ಕಡೆಯ ಪದ್ಧತಿ. ಗುಳಕ್ಕೆ ಅದು ಸರಿಯೇ. ಕಾದ ಉಕ್ಕಿಗೆ ನೀರು ಗಡಸು ಕೊಡುತ್ತದೆ. ನಾವು ದಿನಗಟ್ಟಲೆ ಇಳಿಸಲು ಹೆಣಗಿದ್ದು ಅದೇ ಗಡಸನ್ನು.

"ನೀರು ಉಯ್ದು ಎತ್ತಿ ಕೂರ್ಸಿ ಸಾಮಿ," ಎಂದ ಪುಟ್ಟೇಗೌಡ. "ಸಂತೆ ದಿನ ಅಂದಿದ್ದು, ಸಂತೆ ದಿನ ಬಂತು."

"ನಾಳೆ ಎತ್ತುತ್ತೇವೆ. ಒಳಗೆ ಇನ್ನೂ ಬಿಸಿ ಇದೆ."

"ನಾಳೆ ಅನ್ನೋದು ಮಾತಲ್ಲಿ ಇರ್ಲಿಲ್ಲ. ಅತ್ಗೆ, ನೀವೇ ಏಳಿ. ಇವತ್ತು ತಿರುಗ್ತದಾ, ಇಲ್ವಾ?"

ಎಲ್ಲರೂ ದೇವೀರಮ್ಮನ ಕಡೆ ತಿರುಗಿದರು. ಇವತ್ತು ಎಂದರೆ ಬೆಸುಗೆ ಹೋದೀತು. ನಾಳೆ ಎಂದರೆ ಪಾಲು ಹೋದೀತು. ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಿದ್ದನ್ನು ಆಗಲೇ ಹೇಳಿಯಾಗಿತ್ತು. ಅದು ಆ ಗುಂಪಿನಲ್ಲಿ ಯಾರಿಗೂ ನಾಟಿರಲಿಲ್ಲ. ದೇವೀರಮ್ಮ ಬಗ್ಗಿ ಬೆಸುಗೆಯ ಮೇಲೆ ಅಂಗೈ ಇಟ್ಟು, ಆಮೇಲೆ ಕೆಳಗಿನ ಪಾದದ ಹತ್ತಿರ ಕೈ ಒಯ್ದು ಹಿಂದೆಳೆದುಕೊಂಡರು. ಗೋಣಿಯನ್ನು ಎಳೆದು ಮತ್ತೆ ಹೊದಿಸಿದರು.

"ಪುಟ್ಟೇಗೌಡ, ನಿನ್ನೆಂಡ್ರು ಮಗೀನ ಎತ್ತಾಗ ಎಷ್ಟು ದಿನ ಬೆಚ್ಚಗೆ ಮಲಗ್ಸಿದ್ದೆ?"

ಅವನು ಚೊಂಬಿನೊಳಗಿನ ನೀರು ನೋಡಿದ.

"ನಾನೇ ಅಲ್ವೇನಪ್ಪ ನೀರು ಕಾಯಿಸಿ ಉಯ್ದೋಳು. ಮೂರ್ನೇ ದಿನ ತಣ್ಣೀರು ಮುಟ್ಟಿದ್ಳು ಅಂತ ನಿಮ್ಮವ್ವ ಊರೆಲ್ಲ ಕೇಳೋ ಅಂಗೆ ಬೈದಿತ್ತು. ಇದೂ ಬಾಣಂತಿ ಕಣಪ್ಪ. ಬೆಂಕಿ ಕಂಡು, ನೋವು ತಿಂದು, ಇನ್ನೊಂದನ್ನ ಮೈಗೆ ಅಂಟಿಸ್ಕಂಡು ಮಲಗದೆ. ಬಾಣಂತಿ ಮ್ಯಾಲೆ ತಣ್ಣೀರು ಉಯ್ತೀನಿ ಅಂತ ಚೊಂಬು ಇಡ್ಕಂಡು ನಿಂತಿದ್ದೀಯಲ್ಲ, ಯಾವ ಸಾಸ್ತ್ರ ಇದು?"

ಹಿಂದೆ ನಿಂತಿದ್ದ ಹಿರಿಯರೊಬ್ಬರು ಮೊದಲು ನಕ್ಕರು. "ಲೇ ಪುಟ್ಟ, ಬುಡ್ಲಾ. ಒಂದಿನ ತಡೆದ್ರೆ ಕಬ್ಬೇನು ಓಡೋಯ್ತದಾ?" ಉಳಿದವರೂ ಮಕ್ಕಳೊಂದಿಗರೇ. ಶಾಖ, ಗಡಸು, ಇಂಗಾಲ ಎಂದು ನಾನು ಹೇಳಿದ್ದಕ್ಕೆ ತಲೆಯಾಡಿಸದವರು ಇದಕ್ಕೆ ಆಡಿಸಿದರು. ಒಂದು ದಿನ ಸಿಕ್ಕಿತು. ಪುಟ್ಟೇಗೌಡ ಚೊಂಬಿನ ನೀರನ್ನು ಎತ್ತಿನ ಬೆನ್ನಿಗೆ ಚೆಲ್ಲಿ ಸಂತೆಗೆ ಹೋದ.

ಅವನು ಕೆಡಿಸಲೆಂದೇ ಬಂದಿದ್ದನೆ? ಆಗ ಹಾಗೆಂದುಕೊಂಡಿದ್ದೆ. ಈಗ ಅಷ್ಟು ಖಚಿತವಿಲ್ಲ. ತನ್ನ ನೇಗಿಲಿಗೂ ಅವನು ಅದೇ ಚೊಂಬಿನಲ್ಲಿ ನೀರು ಹಾಕುತ್ತಿದ್ದ. ಇನ್ನೊಂದು ಮಾತು: ಆ ಬೆಚ್ಚಗಿನ ಬೀಡಿಗೆ ಒಂದು ಚೊಂಬು ನೀರು ಬಿದ್ದಿದ್ದರೆ ನಿಜವಾಗಿ ಒಡೆಯುತ್ತಿತ್ತೆ? ಹೇಳಲಾರೆ. ಒಡೆಯದೆಯೂ ಇರಬಹುದಿತ್ತು. ಹೀಗೆ ತಪ್ಪಿಸಿದ ಅಪಾಯಗಳಿಗೆ ನಮ್ಮ ಕೆಲಸದಲ್ಲಿ ಸಾಕ್ಷಿ ಉಳಿಯುವುದಿಲ್ಲ.

ಮರುದಿನ ಗಾಣ ತಿರುಗಿತು. ಮೊದಲ ಜಲ್ಲೆ ಉರುಳೆಗಳ ನಡುವೆ ಸಿಕ್ಕಾಗ ಕರೀಗೌಡ ಕಿವಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದ, ನಾಡಿ ನೋಡುವವನಂತೆ. ಕಬ್ಬಿನ ಹಾಲು ಸುರಿಯಿತು. ಬೆಸುಗೆ ಸುಮ್ಮನಿತ್ತು.

ನಾಲ್ಕಾರು ದಿನ ಬಿಟ್ಟು ರಾಯರು ಬಸ್ಸಿನಲ್ಲಿ ಬಂದರು. ಛತ್ರಿಯ ಜೊತೆ ಒಂದು ಅರವನ್ನೂ ತಂದಿದ್ದರು. ಗಡಿಯ ಮೇಲೆ ಉಜ್ಜಿದರು, ಅರ ಕಚ್ಚಿತು. ದೇವೀರಮ್ಮ ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ, ಕಾಯಿಚೂರು ಕೊಟ್ಟರು. ಬಾಣಂತಿಯ ಮಾತನ್ನು ಕರೀಗೌಡ ಅಭಿನಯಿಸಿ ತೋರಿಸಿದ. ರಾಯರು ಬೆಲ್ಲ ಬಾಯಲ್ಲಿಟ್ಟುಕೊಂಡು ಮೆಲ್ಲಗೆ, "ಮಂಡ್ಯದ ದಂಡಕ್ಕೆ ನಾನು ಬೇರೆ ಬಾಣಂತಿಯ ಪಥ್ಯ ಮಾಡಿಸಿಬಿಟ್ಟೆ," ಎಂದರು. ಅವರು ಅದನ್ನು ಎಷ್ಟು ವರ್ಷ ಹೊತ್ತಿದ್ದರೋ. ಮರಳುವಾಗ ಛತ್ರಿಯನ್ನು ಆಲೆಮನೆಯಲ್ಲಿ ಮರೆತು ಬಂದರು.

ಅಂದಿನಿಂದ ನಮ್ಮ ವರ್ಕ್‌ಷಾಪಿನಲ್ಲಿ ಬೆಸೆಯುವ ಮುನ್ನ ಜೋಡಿ ಯಾವುದೆಂದು ಕೇಳುವ ಪದ್ಧತಿ ಬಂತು. ಕೆಲವಕ್ಕೆ ಬೆಂಕಿ, ಕೆಲವಕ್ಕೆ ಬರೀ ಬೂದಿ, ಕೆಲವಕ್ಕೆ ಏನೂ ಬೇಡ. ಯುದ್ಧ ಮುಗಿದ ಮೇಲೆ ನಿಕ್ಕಲಿನ ಕಡ್ಡಿಗಳು ಕೈಗೆ ಸಿಕ್ಕವು. ಅವುಗಳ ಬೆಸುಗೆ ಮೆತ್ತಗಿರುತ್ತದೆ. ಬೀಡಿನ ಎಷ್ಟೋ ಕೆಲಸಕ್ಕೆ ಒಲೆಯೇ ಬೇಡವಾಯಿತು. ಶಾಖ ಅಳೆಯುವ ಉಪಕರಣ ಇನ್ನೂ ತಡವಾಗಿ ಬಂತು. ಅದನ್ನು ನಂಬಲು ಕಲಿತೆ. ಆದರೂ ಗೋಣಿಯ ಪರದೆ ಬೇಕೆನಿಸುತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷ ನಾನು ಮಂಡ್ಯಕ್ಕೆ ಬೇರೆ ಕೆಲಸದ ಮೇಲೆ ಹೊರಟಿದ್ದೆ. ಹೊರಡುವ ಮುಂಚೆ ಆತಗೂರಿನಿಂದ ಮತ್ತೆ ಕರೆ ಬಂತು. ಈ ಸಲ ಗಾಣದ ಇನ್ನೊಂದು ಪಕ್ಕದ ಚೌಕಟ್ಟು. ಮುರಿದದ್ದು ಪುಟ್ಟೇಗೌಡನ ಸರದಿಯಲ್ಲಿ. ನಿಕ್ಕಲಿನ ಕಡ್ಡಿ ತೀರಿಹೋಗಿದ್ದ ಸಮಯ; ಹಳೆಯ ದಾರಿಯೇ ಗತಿ. ನಾವು ಹೋಗುವ ಹೊತ್ತಿಗೆ ದೇವೀರಮ್ಮ ಕೊಪ್ಪರಿಗೆ ಇಳಿಸಿ, ಸಲಾಕೆ ಹಾಸಿ, ಗೋಣಿಯ ಪರದೆ ಕಟ್ಟಿಸಿದ್ದರು. ಕರೀಗೌಡ ಬೆಸೆದ. ಉರಿ, ಹೆಂಚು, ಬೂದಿ, ಎಲ್ಲ ಮೊದಲಿನಂತೆಯೇ. ಪಾಲು ಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬಹುದಾಗಿದ್ದವರು ದೇವೀರಮ್ಮ, ಅವರು ಒಲೆಯ ಬಾಯಿಯಲ್ಲಿ ಕೂತಿದ್ದರು.

ಬೂದಿ ಸರಿಸುವ ಬೆಳಿಗ್ಗೆ ನಾನು ಆಲೆಮನೆಯ ಹೊರಗೆ ಮುಖ ತೊಳೆಯುತ್ತಿದ್ದೆ. ತೆರೆದ ಬಾಗಿಲಿನಿಂದ ಒಳಗೆಲ್ಲ ಕಾಣುತ್ತಿತ್ತು; ಪುಟ್ಟೇಗೌಡ ಅದೇ ಹಿತ್ತಾಳೆ ಚೊಂಬು ಹಿಡಿದು ನಿಂತಿದ್ದ. ಈ ಸಲ ನನ್ನನ್ನು ಕೇಳಲಿಲ್ಲ.

"ಅತ್ಗೆ, ಈಗ ಉಯ್ಲಾ?"

ದೇವೀರಮ್ಮ ಗೋಣಿಯ ಕೆಳಗೆ ಕೈ ತೂರಿಸಿ ಬಿಸಿ ನೋಡಿದರು.

"ಇನ್ನೂ ಇಲ್ಲ ಬುಡು. ನಾಳೆ ಬಾ."

ಅವನು ಚೊಂಬನ್ನು ಗೋಡೆಯ ಪಕ್ಕ ಜೋಪಾನವಾಗಿ ಇಟ್ಟು, ಮೇಲೆ ಒಂದು ಎಲೆ ಮುಚ್ಚಿ, ಹೊರಗೆ ಬಂದ.